ಸತ್ಯಾಂಶ: ಇಂಗ್ಲೆಂಡಿನ ಹಳ್ಳಿ ಕೂಲಿಯವರಿಗೂ ದಾಖಲೆಗಳಿವೆ

‘ಹಳೇ ಇಂಗ್ಲೆಂಡಿನಲ್ಲಿ ಜಮೀನ್ದಾರರ ಹೆಸರು ಮಾತ್ರ ಬರೆದಿಡುತ್ತಿದ್ದರು, ಹಳ್ಳಿಯ ಕೂಲಿಯವರ ಗುರುತೇ ಉಳಿದಿಲ್ಲ’ ಎಂಬ ಫಾರ್ವರ್ಡ್ ಓಡಾಡುತ್ತಿದೆ. ಇದು ತಪ್ಪು.

1538ರಿಂದಲೇ ಪ್ರತಿ ಪ್ಯಾರಿಷ್ (ಒಂದು ಚರ್ಚಿಗೆ ಸೇರಿದ ಊರು-ಪ್ರದೇಶ) ಚರ್ಚು ದೀಕ್ಷಾಸ್ನಾನ, ಮದುವೆ, ಸಮಾಧಿಗಳನ್ನು ಬರೆದಿಡಬೇಕಿತ್ತು, ಬಡವರದ್ದೂ ಸೇರಿ. ಎಷ್ಟೋ ಪುಸ್ತಕಗಳು ಹಾಳಾಗಿವೆ, ನಿಜ. ಆದರೆ ಬಡವರ ಬದುಕು ಜಾಸ್ತಿ ಸಿಗುವುದು ಬೇರೆ ಕಡೆ. ಬಡವರಿಗೆ ಯಾವ ಪ್ಯಾರಿಷ್ ನೆರವು ಕೊಡಬೇಕು ಎಂದು ಗೊತ್ತುಮಾಡುವ 1662ರ ಕಾಯ್ದೆ ಬಂದಮೇಲೆ, ನೆರವು ಕೇಳಬಹುದಾದ ಹೊರಗಿನವರನ್ನು ಅಧಿಕಾರಿಗಳು ವಿಚಾರಿಸುತ್ತಿದ್ದರು: ಎಲ್ಲಿ ಹುಟ್ಟಿದೆ, ಯಾರ ಹತ್ತಿರ ದುಡಿದೆ, ಎಷ್ಟು ಕೂಲಿ? ಉಳಿದಿರುವ ಆ ಹೇಳಿಕೆಗಳಲ್ಲಿ ಕೆಲವೊಮ್ಮೆ ಇಡೀ ಜೀವನವೇ ಸಿಗುತ್ತದೆ. ಶ್ರೀಮಂತರನ್ನು ಯಾರು ಹೀಗೆಲ್ಲ ಕೇಳುತ್ತಿದ್ದರು, ಅಲ್ವಾ?

1841ರ ಜನಗಣತಿಯಲ್ಲೂ ಹೆಸರುಗಳಿವೆ. ವಯಸ್ಸನ್ನು ಮಾತ್ರ ಸುಮ್ನೆ ನಂಬಬೇಡಿ. 15 ದಾಟಿದವರ ವಯಸ್ಸನ್ನು ಸಾಮಾನ್ಯವಾಗಿ ಐದರ ಲೆಕ್ಕಕ್ಕೆ ಇಳಿಸಿದ್ದರು. 34 ಇದ್ದವರು 30 ಆದರು. ಹುಟ್ಟೂರು ಬೇಕಿದ್ದರೆ 1851ರ ಗಣತಿ ನೋಡಿ.