ಹೊರಟುಹೋಗುವ ಹಕ್ಕಿಗಳ ತಾರೀಖನ್ನೂ ಬರೆದಿಡೋಣ

ಫೆಬ್ರವರಿಯ ಹಕ್ಕಿ ಎಣಿಕೆ ಮುಗಿಯುತ್ತಿದ್ದಂತೆ ನಮ್ಮ ಹಕ್ಕಿ ವೀಕ್ಷಕರಲ್ಲಿ ಹೆಚ್ಚಿನವರು ದುರ್ಬೀನನ್ನು ಒಳಗಿಟ್ಟುಬಿಡುತ್ತಾರೆ. ಸೆಪ್ಟೆಂಬರಿನಲ್ಲಿ ಉತ್ತರದಿಂದ ವಲಸೆ ಬರುವ ಮೊದಲ ಬೂದು ಸಿಪಿಲೆ ಕಂಡಾಗ ಸಂಭ್ರಮದಿಂದ ಚಿತ್ರ ಹಾಕುವ ನಾವು, ಅದೇ ಹಕ್ಕಿ ಯಾವಾಗ ಹೊರಟುಹೋಯಿತು ಎಂಬುದನ್ನು ಬರೆದಿಡುವುದೇ ಇಲ್ಲ. ಇದು ಸಣ್ಣ ಲೋಪವಲ್ಲ ಎಂದು ನಾನು ದೃಢವಾಗಿ ನಂಬಿದ್ದೇನೆ.

ಈ ಭಾನುವಾರ ಬೆಳಗಿನ ಜಾವದಿಂದಲೇ ಸುರಿದ ಮಾರ್ಚ್ ಮಳೆಯಲ್ಲಿ ಮೈಸೂರಿನ ಕುಕ್ಕರಹಳ್ಳಿ ಕೆರೆಯ ಏರಿ ಬಹುತೇಕ ಖಾಲಿಯಾಗಿತ್ತು. ನೋಡುವುದಕ್ಕೆ ಮಾತ್ರ ಬೇಕಾದಷ್ಟಿತ್ತು. ಮಳೆಯ ವಾತಾವರಣದಲ್ಲಿ ಹಾರುವ ಹುಳುಗಳು ಕೆಳಕ್ಕಿಳಿಯುವುದರಿಂದ ಅವುಗಳ ಬೆನ್ನಟ್ಟಿದ ಕವಲುತೋಕೆಗಳು ನೀರಿಗೆ ಎದೆ ತಾಗುವಷ್ಟು ತಗ್ಗಿನಲ್ಲಿ ಹಾರುತ್ತಿದ್ದವು. ಬಿಸಿಲಿನ ದಿನ ಆಕಾಶದಲ್ಲಿ ಬರಿಯ ಚುಕ್ಕೆಗಳಾಗಿ ಕಾಣುವ ಅವುಗಳ ಕೆಂಗಂದು ಕೊರಳು ಅಂದು ಬರಿಗಣ್ಣಿಗೇ ಸ್ಪಷ್ಟವಾಗಿತ್ತು. ನೀರಂಚಿನ ಕಲ್ಲುಗಳ ಮೇಲೆ ಬಾಲ ಕುಣಿಸುತ್ತಿದ್ದ ಬೂದು ಸಿಪಿಲೆಯ ಕೊರಳಲ್ಲಿ ಕಪ್ಪು ಮೂಡತೊಡಗಿತ್ತು. ಅದು ಗಂಡು, ಉತ್ತರದ ಬೆಟ್ಟದ ತೊರೆಗಳಿಗೆ ಮರಳಿ ಸಂಸಾರ ಹೂಡುವ ಕಾಲ ಹತ್ತಿರವಾಯಿತೆಂಬುದಕ್ಕೆ ಆ ಕಪ್ಪೇ ಗುರುತು. ಮಳೆ ಸ್ವಲ್ಪ ಬಿಟ್ಟೊಡನೆ ಲಂಟಾನದ ಪೊದೆಯೊಳಗಿಂದ ಇನ್ನೊಂದು ವಲಸೆ ಹಕ್ಕಿಯಾದ ಬ್ಲೈತ್ ಜೊಂಡು ಉಲಿಯಕ್ಕಿಯ ‘ಚಕ್ ಚಕ್’ ಕೇಳಿಸಿತು. ಸದಾ ಮರೆಯಲ್ಲೇ ಇರುವ ಈ ಹಕ್ಕಿ ಒದ್ದೆ ಎಲೆಗಳಿಗೆ ಮೈ ಉಜ್ಜಿ ಸ್ನಾನ ಮಾಡಲು ಪೊದೆಯ ಅಂಚಿಗೆ ಬಂದದ್ದು, ನನ್ನ ಮಟ್ಟಿಗೆ, ಕೆರೆಯ ನಡುವಿನ ದ್ವೀಪದ ಹೆಜ್ಜಾರ್ಲೆಗಳಿಗಿಂತಲೂ ದೊಡ್ಡ ನೋಟ.

ಹಕ್ಕಿ ಬಂದ ದಿನವನ್ನು ತಿಳಿಯುವುದು ಸುಲಭ, ಏಕೆಂದರೆ ಕಂಡದ್ದೇ ಸಾಕ್ಷಿ. ಹೋದ ದಿನ ಹಾಗಲ್ಲ. ಇಂದು ಕಂಡ ಸಿಪಿಲೆಯೇ ಈ ಋತುವಿನ ಕೊನೆಯ ಸಿಪಿಲೆ ಎಂದು ಹೇಳಬೇಕಾದರೆ, ಮುಂದಿನ ವಾರ ಅದೇ ಜಾಗಕ್ಕೆ ಯಾರಾದರೂ ಹೋಗಿ, ಅಷ್ಟೇ ಹೊತ್ತು ಹುಡುಕಿ, ಅದು ಕಾಣಲಿಲ್ಲವೆಂಬುದನ್ನೂ ದಾಖಲಿಸಿರಬೇಕು. ಹಕ್ಕಿ ದಾಖಲೆಗಳ ಆನ್‌ಲೈನ್ ತಾಣ ಇ-ಬರ್ಡ್‌ನಲ್ಲಿ ಕಂಡ ಮತ್ತು ಕೇಳಿದ ಹಕ್ಕಿಗಳನ್ನೆಲ್ಲ ಸೇರಿಸಿದ ಪೂರ್ಣ ಪಟ್ಟಿಗೆ ಅಷ್ಟು ಬೆಲೆ ಬರುವುದು ಇದೇ ಕಾರಣಕ್ಕೆ. ಅದರಲ್ಲಿ ಇಲ್ಲದ ಹೆಸರೂ ಮಾಹಿತಿಯೇ. ವಲಸೆ ಹಕ್ಕಿಗಳ ಬರುಹೋಗುವಿಕೆಯನ್ನು ಸಾಮಾನ್ಯ ಜನರಿಂದಲೇ ದಾಖಲಿಸುವ ‘ಮೈಗ್ರಂಟ್‌ವಾಚ್’ ನಮ್ಮ ದೇಶದಲ್ಲಿ 2007ರಲ್ಲೇ ಆರಂಭವಾಗಿತ್ತು. 2023ರ ‘ಸ್ಟೇಟ್ ಆಫ್ ಇಂಡಿಯಾಸ್ ಬರ್ಡ್ಸ್’ ವರದಿ ಸುಮಾರು 30,000 ವೀಕ್ಷಕರ ದಾಖಲೆಗಳಿಂದ 942 ಪ್ರಭೇದಗಳ ಸ್ಥಿತಿಯನ್ನು ಅಳೆದು, ದೂರದ ವಲಸೆಗಾರ ಹಕ್ಕಿಗಳು ಕಡಿಮೆಯಾಗುತ್ತಿರುವುದನ್ನು ತೋರಿಸಿತು. ಆ ವೀಕ್ಷಕರಲ್ಲಿ ಹೆಚ್ಚಿನವರು ನಮ್ಮಂಥವರೇ.

ಆದ್ದರಿಂದ ಮೈಸೂರಿನ ಲಿಂಗಾಂಬುಧಿ, ಕಾರಂಜಿ ಕೆರೆಗಳ ಬಳಿ ವಾಸಿಸುವ ಗೆಳೆಯರಲ್ಲಿ ನನ್ನ ವಿನಂತಿ ಇಷ್ಟೆ: ಮೇ ಮೊದಲ ವಾರದವರೆಗೆ ವಾರಕ್ಕೊಂದು ಸಲ, ಮಳೆಯಿದ್ದರೂ, ಹದಿನೈದು ನಿಮಿಷ ನಿಂತು ಪೂರ್ಣ ಪಟ್ಟಿ ಬರೆಯಿರಿ. ಜೊಂಡು ಉಲಿಯಕ್ಕಿ ಕಣ್ಣಿಗೆ ಬೀಳದಿದ್ದರೆ ಕಿವಿಗೊಟ್ಟು ಕೇಳಿ. ಅದರ ದನಿ ಕೇಳಿಸಿದರೂ ಅದು ದಾಖಲೆಯೇ.