ಸತ್ಯಾಂಶ: ಅಮೃತಬಳ್ಳಿ ಕಷಾಯ ರಕ್ತನಾಳದ ಉರಿಯೂತಕ್ಕೆ ಮದ್ದಲ್ಲ

ವ್ಯಾಸ್ಕುಲೈಟಿಸ್ (ರಕ್ತನಾಳದ ಉರಿಯೂತ) ಎಂದರೆ ಕೆಟ್ಟ ರಕ್ತ, ಸ್ಟೀರಾಯ್ಡ್ ಬಿಟ್ಟು ಅಮೃತಬಳ್ಳಿ ಕಷಾಯ ಕುಡಿದರೆ ರೋಗನಿರೋಧಕ ಶಕ್ತಿ ಹೆಚ್ಚಿ ಕಾಯಿಲೆ ವಾಸಿಯಾಗುತ್ತದೆ ಎಂಬ ಸಂದೇಶವೊಂದು ಕೋಲಾರ, ಮುಳಬಾಗಿಲು ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಸುತ್ತುತ್ತಿದೆ. ಈ ವಾದವೇ ತಲೆಕೆಳಗಾಗಿದೆ. ಇಲ್ಲಿ ರಕ್ತ ಕೆಟ್ಟಿರುವುದಿಲ್ಲ. ದೇಹವನ್ನು ಕಾಯಬೇಕಾದ ನಿರೋಧಕ ವ್ಯವಸ್ಥೆಯೇ ರಕ್ತನಾಳಗಳ ಗೋಡೆಯ ಮೇಲೆ ಎರಗಿರುತ್ತದೆ, ಆದ್ದರಿಂದ ಅದನ್ನು ತಗ್ಗಿಸಬೇಕೇ ಹೊರತು ಕೆರಳಿಸಬಾರದು. ಅಮೃತಬಳ್ಳಿ ಸೇವಿಸಿದ ಕೆಲವರ ಯಕೃತ್ತಿಗೆ ಹಾನಿಯಾದುದನ್ನು 2021ರಲ್ಲಿ ಮುಂಬಯಿಯ ವೈದ್ಯರು ವರದಿ ಮಾಡಿದ್ದೂ ಉಂಟು.

ಒತ್ತಿದರೂ ಮಾಸದ ಕೆನ್ನೇರಳೆ ಚುಕ್ಕೆಗಳು ಕಾಲಿನ ಮೇಲೆ ಎದ್ದಾಗ, ಕೆಮ್ಮಿನಲ್ಲಿ ರಕ್ತ ಕಂಡಾಗ ಅಥವಾ ಮೂತ್ರ ಟೀ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗಿದಾಗ ಕಾಯುತ್ತಾ ಕೂರುವಂತಿಲ್ಲ, ಏಕೆಂದರೆ ತೀವ್ರ ರೂಪದಲ್ಲಿ ಮೂತ್ರಪಿಂಡಗಳು ಕೆಲವೇ ವಾರಗಳಲ್ಲಿ ಸೋಲಬಹುದು. ಇದರ ಒಂದು ಬಗೆಯಲ್ಲಿ, ಚಿಕಿತ್ಸೆ ಇಲ್ಲದ ರೋಗಿಗಳು ಸರಾಸರಿ 5 ತಿಂಗಳಷ್ಟೇ ಬದುಕುತ್ತಿದ್ದರೆಂದು 1958ರ ಬ್ರಿಟಿಷ್ ವರದಿಯೊಂದು ದಾಖಲಿಸಿತ್ತು. ನಿರೋಧಕ ವ್ಯವಸ್ಥೆಯನ್ನು ತಗ್ಗಿಸುವ ಸ್ಟೀರಾಯ್ಡ್ ಜೊತೆಗೆ ಅದೇ ಕೆಲಸ ಮಾಡುವ ಸೈಕ್ಲೋಫಾಸ್ಫಮೈಡ್ ಎಂಬ ಔಷಧ ಬಂದ ಮೇಲೆ ಚಿತ್ರ ಬದಲಾಯಿತು. ರಿಟುಕ್ಸಿಮ್ಯಾಬ್ ಎಂಬ ಇನ್ನೊಂದು ಔಷಧ ಸೈಕ್ಲೋಫಾಸ್ಫಮೈಡ್‌ಗೆ ಸರಿಸಾಟಿಯೆಂದು 2010ರಲ್ಲಿ ಪ್ರಕಟವಾದ ಪ್ರಯೋಗಗಳು ತೋರಿಸಿದವು.

ಸ್ಟೀರಾಯ್ಡ್ ಬಗ್ಗೆ ಜನರಿಗಿರುವ ಅಂಜಿಕೆ ಪೂರ್ತಿ ಸುಳ್ಳೇನಲ್ಲ: ಅದು ಸಕ್ಕರೆ ಏರಿಸುತ್ತದೆ, ಮೂಳೆ ಸವೆಸುತ್ತದೆ, ಸೋಂಕಿಗೆ ದಾರಿ ಮಾಡುತ್ತದೆ. ಡೋಸ್ ಬೇಗ ಇಳಿಸಿದರೂ ಫಲಿತಾಂಶ ಕೆಡುವುದಿಲ್ಲ, ಗಂಭೀರ ಸೋಂಕುಗಳೂ ಕಡಿಮೆಯಾಗುತ್ತವೆ ಎಂದು 2020ರ ದೊಡ್ಡ ಅಧ್ಯಯನವೊಂದು ಕಂಡುಕೊಂಡಿದೆ. ಆದರೆ ಇಳಿಸುವುದು ಬೇರೆ, ಒಮ್ಮೆಲೇ ನಿಲ್ಲಿಸುವುದು ಬೇರೆ; ದೇಹದ ಸ್ವಂತ ಸ್ಟೀರಾಯ್ಡ್ ತಯಾರಿಸುವ ಅಡ್ರಿನಲ್ ಗ್ರಂಥಿಗಳು ತಿಂಗಳುಗಟ್ಟಲೆ ಮಾತ್ರೆ ನುಂಗಿದವರಲ್ಲಿ ತಮ್ಮ ಕೆಲಸ ಮರೆತಿರುತ್ತವೆ, ಹಠಾತ್ತನೆ ಬಿಟ್ಟರೆ ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಕುತ್ತು ಬರಬಹುದು. ವೈದ್ಯರ ಚೀಟಿಯಲ್ಲಿ ವಾರವಾರಕ್ಕೂ ಮಿಲಿಗ್ರಾಂ ಕಡಿಮೆ ಮಾಡುತ್ತಾ ಬರೆದಿರುವುದು ಇದೇ ಕಾರಣಕ್ಕೆ.