ಹುಲ್ಲುಹಾಸಿನಲ್ಲಿ ಪುಳ್ಳಂಪುರಚಿಗೂ ಒಂದಿಷ್ಟು ಜಾಗ

ಮೈಸೂರಿನ ನಮ್ಮ ಮನೆಯ ಮುಂದೆ ಹಾಕಿಸಿದ್ದ ಮೆಕ್ಸಿಕನ್ ಹುಲ್ಲಿಗೆ ವರ್ಷಗಟ್ಟಲೆ ನೀರುಣಿಸಿ, ಅದರ ನಡುವೆ ತಲೆಯೆತ್ತಿದ ಪ್ರತಿಯೊಂದು ಗಿಡವನ್ನೂ ಕಳೆಯೆಂದು ಕಿತ್ತು ಹಾಕಿದವನು ನಾನು. ಎರಡು ಮಳೆಗಾಲಗಳ ಹಿಂದೆ, ಅರ್ಧ ಜಾಗದಲ್ಲಿ ಕೀಳುವುದನ್ನು ನಿಲ್ಲಿಸಿದೆ.

ಮೊದಲು ಹಬ್ಬಿದ್ದು ಪುಳ್ಳಂಪುರಚಿ. ಮೂರು ಎಲೆ, ಪುಟ್ಟ ಹಳದಿ ಹೂ, ಜಗಿದರೆ ಹುಳಿ. ಬಾಲ್ಯದಲ್ಲಿ ಕಿತ್ತು ತಿಂದವರಿಗೆ ಇದರ ಪರಿಚಯ ಬೇಕಿಲ್ಲ. ನೆಲಕ್ಕೆ ಹತ್ತಿರವಾಗಿ ಹಾರಾಡುವ ಪೇಲ್ ಗ್ರಾಸ್ ಬ್ಲೂ ಎಂಬ ಚಿಕ್ಕ ನಸುನೀಲಿ ಚಿಟ್ಟೆ ಮೊಟ್ಟೆಯಿಡುವುದು ಈ ಗಿಡದ ಮೇಲೆ, ಅದರ ಮರಿಹುಳು ಬೆಳೆಯುವುದೂ ಇದನ್ನೇ ತಿಂದು. ಹಿಡಿಗಟ್ಟಲೆ ಕಿತ್ತು ಕಸಕ್ಕೆ ಹಾಕುತ್ತಿದ್ದ ಕಳೆಯೊಂದಿಗೆ ಆ ಮೊಟ್ಟೆಗಳೂ ಹೋಗಿರಬೇಕೆಂದು ಹೊಳೆದಾಗ ನನಗೆ ನಿಜಕ್ಕೂ ಸಂಕಟವಾಯಿತು.

ಚಿಟ್ಟೆಗಳು ಬರಲೆಂದು ನರ್ಸರಿಯಿಂದ ಹೂಗಿಡ ತಂದು ನೆಡುವವರು ಬಹಳ ಮಂದಿ ಇದ್ದಾರೆ. ಆದರೆ ಮಕರಂದ ಬೇಕಾಗುವುದು ರೆಕ್ಕೆ ಬಂದ ಮೇಲೆ. ಅದಕ್ಕೂ ಮೊದಲು ಮರಿಹುಳಕ್ಕೆ ಎಲೆ ಬೇಕು, ಅದೂ ತನ್ನ ಜಾತಿಗೆ ಒಗ್ಗುವ ಗಿಡದ ಎಲೆಯೇ ಆಗಬೇಕು. ನಮ್ಮ ರಾಜ್ಯದ ಚಿಟ್ಟೆಯಾದ ಸದರ್ನ್ ಬರ್ಡ್‌ವಿಂಗ್‌ಗೆ ಈಶ್ವರಿ ಬಳ್ಳಿಯ ಕುಟುಂಬದ ಸಸ್ಯಗಳೇ ಬೇಕು. ಪ್ಲೇನ್ ಟೈಗರ್ ಚಿಟ್ಟೆಯ ಮರಿ ಎಕ್ಕದ ವಿಷವನ್ನು ಎಲೆಯೊಂದಿಗೆ ತಿಂದು ಮೈಯಲ್ಲಿ ಉಳಿಸಿಕೊಳ್ಳುತ್ತದೆ. ಒಮ್ಮೆ ರುಚಿ ನೋಡಿದ ಹಕ್ಕಿ ಮತ್ತೆ ಅದರ ತಂಟೆಗೆ ಹೋಗುವುದಿಲ್ಲ. ಕಾಂಪೌಂಡಿನ ಮೂಲೆಯಲ್ಲಿ ತಾನಾಗಿ ಹುಟ್ಟಿದ ಎಕ್ಕವನ್ನು ಕಡಿಸಲು ಈಗ ನನಗೆ ಮನಸ್ಸು ಬರುವುದಿಲ್ಲ.

ಎಲ್ಲಕ್ಕಿಂತ ಕಷ್ಟವಾದದ್ದು ಕರಿಬೇವಿನ ವಿಷಯ. ಎಲೆಯ ಮೇಲೆ ಹಕ್ಕಿಯ ಹಿಕ್ಕೆಯಂತೆ ಅಂಟಿಕೊಂಡಿದ್ದದ್ದು ಕಾಮನ್ ಮಾರ್ಮನ್ ಚಿಟ್ಟೆಯ ಮರಿಯೆಂದು ತಿಳಿಯದೆ ಅಮ್ಮ ಪ್ರತಿ ವರ್ಷ ಔಷಧಿ ಹೊಡೆಸುತ್ತಿದ್ದರು. ಅದು ಹಸಿರು ಬಣ್ಣಕ್ಕೆ ತಿರುಗಿ, ಕೋಶ ಕಟ್ಟಿ, ಕಪ್ಪು ರೆಕ್ಕೆ ಬಿಚ್ಚಿಕೊಂಡು ಹೊರಬಂದದ್ದನ್ನು ಕಣ್ಣಾರೆ ಕಂಡ ಮೇಲೆ, ಒಗ್ಗರಣೆಗೆ ಕೆಳಗಿನ ಕೊಂಬೆಗಳು ಸಾಕೆಂದು ಅವರೇ ತೀರ್ಮಾನಿಸಿದರು.

ಹಾಗೆಂದು ಎಲ್ಲವನ್ನೂ ಬೆಳೆಯಲು ಬಿಟ್ಟಿಲ್ಲ. ಪಾರ್ಥೇನಿಯಂ ಗಿಡವನ್ನು ಹೂ ಬಿಡುವ ಮೊದಲೇ ಕೀಳುತ್ತೇನೆ. ಲಂಟಾನದ ಹೂವಿಗೆ ಚಿಟ್ಟೆಗಳು ಮುತ್ತುವುದು ನಿಜವಾದರೂ, ಅಮೆರಿಕ ಖಂಡದಿಂದ ಬಂದು ಬಂಡೀಪುರದ ಕಾಡಿನ ನೆಲವನ್ನು ಆವರಿಸಿಕೊಂಡ ಗಿಡಕ್ಕೆ ನಮ್ಮ ಅಂಗಳದಲ್ಲಿ ಜಾಗವಿಲ್ಲ.

ಹಾವು ಬರುತ್ತದೆಂಬ ನೆರೆಯವರ ಭಯವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಗೇಟಿನಿಂದ ಬಾಗಿಲವರೆಗಿನ ದಾರಿಯ ಎರಡೂ ಬದಿಯಲ್ಲಿ ಹುಲ್ಲನ್ನು ಗಿಡ್ಡವಾಗಿಯೇ ಇಟ್ಟಿದ್ದೇನೆ. ಅಷ್ಟು ಮಾಡಿದ ಮೇಲೂ ಉಳಿಯುವ ಜಾಗ ಪುಳ್ಳಂಪುರಚಿಗೆ ಧಾರಾಳವಾಗಿ ಸಾಕು.